ಫಕೀರಪ್ಪ ಕಾಕಾನ ಕರಿ ಗವಸು

ನಾನು ಕಾರಿನಿಂದ ಕಾಲು ಕೆಳಗಿಟ್ಟರೆ ಸಾಕು, ನಮ್ಮ ಡ್ರೈವರ್ ಫಕೀರಪ್ಪ ಕಾಕಾ ಜೇಬಿನಿಂದ ಕರಿ ಬಟ್ಟೆಯ ಗವಸು ತೆಗೆದು, ಮುಂದಿದ್ದ ‘ಗ್ರಾಮ ಪಂಚಾಯ್ತಿ ಅಧ್ಯಕ್ಷರು’ ಎಂಬ ಬೋರ್ಡನ್ನು ಮುಚ್ಚಿಬಿಡುತ್ತಿದ್ದರು. ಎರಡು ನಿಮಿಷ ಚಹಾಕ್ಕೆ ಇಳಿದರೂ ಅಷ್ಟೇ. ಮುಂಡರಗಿಯ ಚಹಾದಂಗಡಿಯವನು, “ಕಾಕಾ, ಬೋರ್ಡಿಗೆ ಥಂಡಿ ಹತ್ತೈತೇನು?” ಎಂದು ಕಾಡಿಸುತ್ತಿದ್ದ. ಕಾಕಾ ಮೀಸೆ ತಿರುವುತ್ತಿದ್ದರು.

ಫೌಜಿನಲ್ಲಿ ಜನರಲ್ ಸಾಹೇಬರ ಕಾರು ಹೊಡೆದವರು ಅವರು. ಆ ಕಾರಿನ ಬಾನೆಟ್ಟಿನ ಮೇಲೆ ಕೆಂಪು ಬಾವುಟ, ಕೆಳಗೆ ನಕ್ಷತ್ರಗಳ ಪಟ್ಟಿ.

“ಎರಡು ನಕ್ಷತ್ರ ಅಂದ್ರ ಮೇಜರ್ ಜನರಲ್, ಮೂರಂದ್ರ ಲೆಫ್ಟಿನೆಂಟ್ ಜನರಲ್. ಸಾಹೇಬ್ರು ಇಳಿದ್ರಂದ್ರ ಬಾವುಟಕ್ಕೂ ಗವಸು, ನಕ್ಷತ್ರಕ್ಕೂ ಗವಸು. ಮೇಮ್‌ಸಾಬ್ರು ಒಬ್ಬರ ಕುಂತ್ರೂ ಗವಸು ತೆಗ್ಯಂಗಿಲ್ರಿ. ಮಾನ ಗಾಡೀದಲ್ಲ, ಮನಿಷ್ಯಾಂದು.”

ನಮ್ಮ ಮನೆಯಲ್ಲಿ ಇದು ತಲೆಕೆಳಗಾಗಿತ್ತು. ಮಹಿಳಾ ಮೀಸಲಾತಿ ಬಂದು ಹೆಸರು ನನ್ನದಾಯಿತು, ಕುರ್ಚಿ ಯಜಮಾನರದು. ಅವರು ತಂದ ಕಾಗದಕ್ಕೆ ನಾನು ರೊಟ್ಟಿ ಬಡಿಯುವ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದೆ. ಸಿಟ್ಟು ಬರುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ಕಾರು ನನಗೆ ಸಿಗುತ್ತಿದ್ದದ್ದು ತವರಿಗೋ ದವಾಖಾನೆಗೋ ಹೋಗುವಾಗ ಮಾತ್ರ.

ಒಮ್ಮೆ ನಮ್ಮ ಪಂಚಾಯ್ತಿಗೇ ಸೇರಿದ ಪಕ್ಕದ ಹಳ್ಳಿಯಲ್ಲಿ ನೀರಿನ ಟಾಕಿಯ ಉದ್ಘಾಟನೆ. ಎಂದಿನಂತೆ ಯಜಮಾನರೇ ಇಸ್ತ್ರಿ ಅಂಗಿ ತೊಟ್ಟು ಹೊರಟರು. ಮುಚ್ಚಿದ ಬೋರ್ಡಿನ ಕಾರು ಕಂಡು ಹಾರ ಹಿಡಿದವರು ಕಕ್ಕಾಬಿಕ್ಕಿಯಾಗಿ, “ಅಧ್ಯಕ್ಷರು ಬಂದಿಲ್ಲೇನ್ರಿ?” ಎಂದು ಕೇಳಿದರಂತೆ. ಕಾಕಾ ತಣ್ಣಗೆ, “ಇಲ್ರಿ, ಇವರು ಅವರ ಮನಿಯವರು” ಎಂದುಬಿಟ್ಟರಂತೆ.

ಯಜಮಾನರು ಉರಿಮೋರೆ ಹೊತ್ತು ಮನೆಗೆ ಬಂದರು. “ಮಂದ್ಯಾಗ ನನ್ನ ಮರ್ಯಾದಿ ತಗದ! ನಾಳಿಂದ ಈ ಮುದುಕ ಬ್ಯಾಡ!”

ಕಾಕಾ ಅಂಗಳದಲ್ಲಿ ನೆಟ್ಟಗೆ ನಿಂತಿದ್ದರು. “ಬಿಡಸ್ರಿ ಸಾವ್ಕಾರ್ರ. ಆದ್ರ ಅಲ್ಲಿ ಮಂದಿ ಬಿಸಲಾಗ ಕುಂತಾರ. ಅಧ್ಯಕ್ಷರನ್ನ ಕರಕೊಂಡು ಬರ್ತೇನಂತ ಹೇಳಿ ಬಂದೇನಿ.”

ಇಬ್ಬರೂ ನನ್ನ ಕಡೆ ನೋಡಿದರು. ಆ ಗಳಿಗೆಯಲ್ಲಿ ಒಳಗೆ ಹೋಗಿದ್ದರೆ ಐದು ವರ್ಷವೂ ಒಳಗೇ ಇರುತ್ತಿದ್ದೆ. ಕೈ ತೊಳೆದು, ಚಪ್ಪಲಿ ಮೆಟ್ಟಿ, ಕಾರಿನಲ್ಲಿ ಕೂತೆ. ಕಾಕಾ ಗವಸು ತೆಗೆದು ಮಡಚಿ ಜೇಬಿಗಿಟ್ಟರು. ಟಾಕಿಯ ಮುಂದೆ ನಾನು ಆಡಿದ್ದು ನಾಲ್ಕೇ ಮಾತು, ಅವೂ ತೊದಲುತ್ತ. ಹೆಂಗಸರು ಜೋರಾಗಿ ಚಪ್ಪಾಳೆ ತಟ್ಟಿದರು. ಅಲ್ಲಿಂದ ಮುಂದೆ ಒಂದು ಸಭೆಯನ್ನೂ ನಾನು ತಪ್ಪಿಸಲಿಲ್ಲ. ಕಾಕಾನನ್ನು ಬಿಡಿಸುವ ಮಾತನ್ನು ಯಜಮಾನರೂ ಮತ್ತೆ ಎತ್ತಲಿಲ್ಲ. ಓದು ಬರಹ ಕಲಿಸಿದವರು ಎಷ್ಟೋ ಜನ ಇದ್ದಾರೆ. ನನ್ನ ಜಾಗದಲ್ಲಿ ನನ್ನನ್ನು ಕೂರಿಸಿದವರು ಇವರೊಬ್ಬರೇ.

ಅವರು ತೀರಿಕೊಳ್ಳುವ ಎಂಟು ದಿನ ಮೊದಲು ಮಲ್ಲಸಮುದ್ರದ ಅವರ ಮನೆಗೆ ಹೋಗಿದ್ದೆವು. ನನ್ನನ್ನು ಕಂಡು ಹಾಸಿಗೆಯಿಂದ ಏಳಲು ನೋಡಿದರು.

“ಏಳಬ್ಯಾಡ್ರಿ ಕಾಕಾ, ನನ್ನ ಅವಧಿ ಮುಗದು ವರ್ಷಾತು.”

ಅದು ಅವರ ಕಿವಿಗೇ ಬೀಳಲಿಲ್ಲ. ಬಾಗಿಲಲ್ಲಿ ಕೀಲಿ ಹಿಡಿದು ನಿಂತಿದ್ದ ಯಜಮಾನರನ್ನು ನೋಡಿ ಕೇಳಿದರು: “ಈಗ ಗಾಡಿ ನೀವ ಹೊಡೀತೀರೇನ್ರಿ ಸಾವ್ಕಾರ್ರ?”

“ಹೂಂ ಕಾಕಾ.”

“ಛಲೋ ಆತು. ಬ್ರೇಕ್ ಸಾವಕಾಶ ಹಿಡೀರಿ. ಒಳಗ ಅಧ್ಯಕ್ಷರು ಇರ್ತಾರ.”