ಗಿರಿಜಕ್ಕ ನೋಡುತ್ತಿದ್ದ ತಟ್ಟೆ

ಗಿರಿಜಕ್ಕ ಮಕ್ಕಳ ಮುಖ ನೋಡುತ್ತಿದ್ದದ್ದು ಕಡಿಮೆ, ತಟ್ಟೆಯನ್ನೇ ನೋಡುತ್ತಿದ್ದರು. ಗಡಿನಾಡಿನ ಕುಂಬಳೆಯ ಹತ್ತಿರದ ನಮ್ಮ ಕನ್ನಡ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಅವರದು. ಬಡಿಸಿ ಮುಗಿಸಿ, ಸೊಂಟಕ್ಕೆ ಕೈಯಿಟ್ಟು ನೀರಿನ ನಳ್ಳಿಯ ಬಳಿ ನಿಲ್ಲುವರು. ತೊಳೆಯಲು ತಂದ ತಟ್ಟೆಯಲ್ಲಿ ಉಳಿದದ್ದನ್ನು ನೋಡಿಯೇ ಯಾರಿಗೆ ಜ್ವರ ಬರುತ್ತಿದೆ, ಯಾರ ಮನೆಯಲ್ಲಿ ಜಗಳ ಎಂದು ಹೇಳಿಬಿಡುವರು. ಇದೆಂತಹ ಜ್ಯೋತಿಷ್ಯವಪ್ಪಾ ಎಂದು ನಾವು ಟೀಚರುಗಳು ನಗುತ್ತಿದ್ದೆವು.

ನನ್ನ ಎಂಟನೇ ತರಗತಿಯ ಸ್ವಾತಿಯ ವಿಷಯ ಮೊದಲು ಹೇಳಿದ್ದೂ ಅವರೇ.

"ಟೀಚರೆ, ಆ ಮಗು ಮೊಟ್ಟೆಯ ದಿನ ಮೊಟ್ಟೆ ಬೇರೆಯವರಿಗೆ ಕೊಟ್ಟಿತು. ಅನ್ನ ಕಲಸ್ತದೆ, ಉಣ್ಣುದಿಲ್ಲ. ಎಂತದೋ ಉಂಟು."

ತೆಳ್ಳಗಾಗುವ ಹುಚ್ಚಿರಬೇಕು ಎಂದೆ ನಾನು. ಬಿ.ಎಡ್.ನಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿ ಒಳ್ಳೆಯ ಅಂಕ ತೆಗೆದವಳು! ಈಗ ನೆನೆದರೆ ನಾಚಿಕೆಯಾಗುತ್ತದೆ.

ಗಿರಿಜಕ್ಕ ಬಿಡಲಿಲ್ಲ. ಪಾತ್ರೆ ತೊಳೆಯುವ ನೆಪದಲ್ಲಿ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡರು. ಏನೂ ಕೇಳುತ್ತಿರಲಿಲ್ಲವಂತೆ. ಹದಿನೈದು ದಿನದ ಮೇಲೆ ಅವಳೇ ತುಳುವಿನಲ್ಲಿ ಹೇಳಿದಳಂತೆ, ಬೆಳಿಗ್ಗೆ ಎಚ್ಚರವಾದ ಕೂಡಲೇ ಎದೆ ಡವಗುಟ್ಟುತ್ತದೆ, ಯಾಕಾದರೂ ಏಳಬೇಕು ಅನಿಸುತ್ತದೆ ಎಂದು. ಮಕ್ಕಳ ಕಷ್ಟ ಕೇಳಲು ವಾರಕ್ಕೊಮ್ಮೆ ಶಾಲೆಗೆ ಬರುವ ಕೌನ್ಸಿಲರ್ ಬಳಿ ಕಳಿಸಿದೆ. ಒಳ್ಳೆಯ ಹೆಂಗಸು, ಆದರೆ ಮಲಯಾಳ ಮಾತ್ರ ಬರುತ್ತಿತ್ತು. ಭಾಷಾಂತರಿಸಲು ನಾನು ನಡುವೆ ಕೂತರೆ ಸ್ವಾತಿ ಬಾಯಿ ಬಿಡಳು, ಕೂರದಿದ್ದರೆ ಎಲ್ಲದಕ್ಕೂ ತಲೆಯಾಡಿಸಿ ಬರುವಳು. ಆಸ್ಪತ್ರೆಗೆ ತೋರಿಸಿ ಎಂದರೆ ಅವಳ ಅಮ್ಮ, ದೃಷ್ಟಿಯಾಗಿದೆ, ನೂಲು ಕಟ್ಟಿಸಿದ್ದೇವೆ ಎಂದರು. ಉಳಿದದ್ದು ನಳ್ಳಿಯ ಬಳಿ ಗಿರಿಜಕ್ಕನ ಜೊತೆಗಿನ ಆ ಅರ್ಧ ಗಂಟೆ. ಅದರಲ್ಲೇ ಹುಡುಗಿ ದಿನಕ್ಕೆ ನಾಲ್ಕು ತುತ್ತು ಉಣ್ಣತೊಡಗಿದ್ದಳು.

ಜೂನ್ ಬಂತು. ಒಂಬತ್ತಕ್ಕೆ ಹೋದವರಿಗೆ ಶಾಲೆಯ ಊಟವಿಲ್ಲ, ತರಗತಿಯೂ ಮೇಲಿನ ಕಟ್ಟಡದಲ್ಲಿ. ಸ್ವಾತಿಯನ್ನು ಊಟಕ್ಕೆ ಬಿಡಿ ಎಂದು ಕೇಳಲು ಗಿರಿಜಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೆಡ್ಮಾಷ್ಟ್ರ ಕೋಣೆಗೆ ಹೋದರು.

"ಅನ್ನಕ್ಕಲ್ಲ ಮಾಷ್ಟ್ರೆ. ಸಾಲಿನಲ್ಲಿ ನಿಂತ್ರೆ ನನಗೆ ನೋಡ್ಲಿಕ್ಕೆ ಆಗ್ತದೆ."

ಒಬ್ಬಳಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದರು ಅವರು. ನಾನು ಅಲ್ಲೇ ಇದ್ದೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ತರಗತಿಗೆ ಹೋದೆ. ಸ್ವಾತಿ ಬುತ್ತಿಯನ್ನು ಮುಚ್ಚಳ ಕೂಡ ತೆಗೆಯದೆ ಮನೆಗೆ ಒಯ್ಯುತ್ತಿದ್ದಳೆಂದು ನನಗೆ ಗೊತ್ತಾಗುವಾಗ ಓಣಂ ರಜೆ ಮುಗಿದಿತ್ತು. ಅವಳು ಶಾಲೆಗೆ ಬರುವುದನ್ನೇ ಬಿಟ್ಟಿದ್ದಳು.

ನಾನೂ ಗಿರಿಜಕ್ಕನೂ ಅವಳ ಮನೆಗೆ ಹೋದೆವು. ಕೋಣೆಯ ಬಾಗಿಲು ಒಳಗಿಂದ ಹಾಕಿತ್ತು. ನಾನು ಕರೆದು ಕರೆದು ಸೋತೆ. ಗಿರಿಜಕ್ಕ ಮಂಡಿನೋವಿನಲ್ಲೂ ಹೊಸ್ತಿಲ ಬಳಿ ನೆಲಕ್ಕೆ ಕೂತು, ಇವತ್ತು ಸಾಂಬಾರಿಗೆ ಸೌತೆಕಾಯಿ ಹಾಕಿದ್ದು, ಉಪ್ಪು ಹೆಚ್ಚಾದದ್ದು, ಬೆಕ್ಕು ಹಾಲಿಗೆ ಬಾಯಿ ಹಾಕಿದ್ದು ಎಲ್ಲವನ್ನೂ ತುಳುವಿನಲ್ಲಿ ಹೇಳುತ್ತಾ ಹೋದರು. ಒಳಗಿನಿಂದ ಹೂಂ ಎನ್ನುವ ಸದ್ದೂ ಬರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಗಿರಿಜಕ್ಕ ಹೇಳಿದರು: "ಮುಖ ನೋಡಿದ್ರೆ ಮಕ್ಕಳು ನಗ್ತವೆ ಟೀಚರೆ, ನಮಗೆ ಬೇಜಾರಾಗ್ಬಾರ್ದು ಅಂತ. ಅದಕ್ಕೇ ನಾನು ತಟ್ಟೆ ನೋಡುದು."

ಈ ವರ್ಷ ಗಿರಿಜಕ್ಕ ಮಂಡಿನೋವಿಗೆ ಸೋತು ಕೆಲಸ ಬಿಟ್ಟರು. ಹೋಗುವ ದಿನವೂ ಕೇಳಿದ್ದು ಒಂದೇ, ಸ್ವಾತಿ ಬಂದಳಾ ಎಂದು. ಇಲ್ಲ ಎಂದೆ.

"ಇನ್ನು ನೀವು ನೋಡಿ."

ಈಗ ಮಧ್ಯಾಹ್ನ ನಳ್ಳಿಯ ಬಳಿ ನಾನು ನಿಲ್ಲುತ್ತೇನೆ. ಟೀಚರು ಬೈಯುತ್ತಾರೆಂದು ಹೆದರಿ, ಮಕ್ಕಳು ಉಳಿದದ್ದನ್ನು ಎಲ್ಲೋ ಚೆಲ್ಲಿ ಖಾಲಿ ತಟ್ಟೆ ತರುತ್ತಾರೆ.