ನನ್ನ ಗಂಡನ ಜ್ವರ

ನನ್ನ ಗಂಡ ಪಾಸ್ಟರ್. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಸಣ್ಣ ಚರ್ಚು, ಸಭೆ ಅನ್ನುತ್ತೇವೆ ನಾವು; ಎದುರಿಗೇ ನಮ್ಮ ಮನೆ. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲವದು. ಭಾನುವಾರ ಆರಾಧನೆಗೆ ಮುಂಚೆ ಬೆಂಚುಗಳ ಮೇಲಿನ ಕೆಂಪು ಧೂಳು ಒರೆಸುವುದು ನನ್ನ ಕೆಲಸ. ಸಭೆಗೆ ಬರುವವರಲ್ಲಿ ಹೆಚ್ಚಿನವರು ಲಾರಿ ಓಡಿಸುವವರು, ಗಣಿಯಲ್ಲಿ ದುಡಿಯುವವರು, ಅವರ ಹೆಂಡಂದಿರು. ಆ ವರ್ಷ ರಸ್ತೆ ಅಪಘಾತದಲ್ಲಿ ಸತ್ತ ಹುಡುಗರನ್ನು ಮಣ್ಣು ಮಾಡಿ ಮಾಡಿ, ಅವರ ತಾಯಂದಿರಿಗೆ ಸಮಾಧಾನ ಹೇಳಿ ಹೇಳಿ ನನ್ನ ಗಂಡ ಸೋತುಹೋದರು. ಮೊದಲು ಮಾತು ನಿಂತಿತು, ಆಮೇಲೆ ಊಟ. ಒಂದು ಭಾನುವಾರ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಗೋಡೆಯ ಕಡೆ ಮುಖ ಮಾಡಿ, ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

ನನಗೆ ಮೊದಲು ಬಂದದ್ದು ಕನಿಕರವಲ್ಲ, ನಾಚಿಕೆ. ಚಿಂತೆ ಬಿಡಿ ಎಂದು ವಾರವಾರ ಪ್ರಸಂಗ ಮಾಡುವವರೇ ಹೀಗೆ ಮಲಗಿದರೆ ಜನ ಏನಂದಾರು? ನಂಬಿಕೆ ಕಡಿಮೆಯಾಗಿದೆ ಅಂದಾರು. ಮನೆಯಲ್ಲಿ ಏನೋ ಪಾಪವಿದೆ ಅಂದಾರು. ನಮ್ಮವರ ಬಾಯಿ ನನಗೆ ಗೊತ್ತಿಲ್ಲವೇ? ಬೇರೆಯವರ ಮನೆಯ ವಿಷಯ ಬಂದಾಗ ನಾನೂ ದನಿಗೂಡಿಸಿದವಳೇ. ಸೆರಗು ಸರಿಮಾಡಿಕೊಂಡು ಸಭೆಗೆ ಹೋಗಿ, "ಪಾಸ್ಟರಿಗೆ ಜ್ವರ ಬಂದೈತ್ರಿ, ಭಾಳ ಜ್ವರ" ಎಂದೆ.

ಹೇಳಿದ ಮೇಲೆ ಹೊಳೆಯಿತು, ಎಂಥ ಪೆದ್ದಿ ನಾನು! ನಮ್ಮಲ್ಲಿ ಯಾರಿಗೇ ಜ್ವರ ಬರಲಿ, ಆರಾಧನೆ ಮುಗಿದ ಕೂಡಲೇ ಎಲ್ಲರೂ ಆ ಮನೆಗೆ ಹೋಗಿ, ಒಬ್ಬೊಬ್ಬರಾಗಿ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಬೇಕು. ಈ ಪದ್ಧತಿ ಹಾಕಿಕೊಟ್ಟವರೇ ನನ್ನ ಗಂಡ. "ಮಲಗ್ಯಾರ್ರಿ, ಇವತ್ತು ಬ್ಯಾಡ್ರಿ" ಎಂದು ನಾನು ಅಡ್ಡ ನಿಂತರೂ ಯಾರೂ ಕೇಳಲಿಲ್ಲ. ಇಡೀ ಸಭೆ ರಸ್ತೆ ದಾಟಿ ನಮ್ಮ ಮನೆಗೆ ಬಂತು. ಎಲ್ಲರಿಗಿಂತ ಮುಂದೆ ಟೀಚರಮ್ಮ.

ಅವರು ಕಂಪ್ಲಿಯಲ್ಲಿ ಮೇಷ್ಟ್ರಿಕೆ ಮಾಡಿ ರಿಟೈರಾದವರು, ನಮ್ಮ ಸಭೆಗೆ ಹಿರಿಯರು. ನಾನು ಹಾಡುವ ರಾಗದಿಂದ ಹಿಡಿದು ಮಾಡುವ ಚಹಾದವರೆಗೆ ತಪ್ಪು ಹುಡುಕುವವರು. ನನಗೂ ಅವರಿಗೂ ಎಣ್ಣೆ ಸೀಗೇಕಾಯಿ. ಅವರು ಹಣೆಯ ಮೇಲೆ ಅಂಗೈ ಇಟ್ಟರು. ಕೈ ಹಾಗೇ ನಿಂತಿತು. ತಿರುಗಿ ನನ್ನತ್ತ ನೋಡಿದರು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ. ಆದರೆ ಅವರು ಕಣ್ಣು ಮುಚ್ಚಿ, "ಕರ್ತನೇ, ಈ ಜ್ವರ ಇಳಿಸಪ್ಪಾ" ಎಂದು ಗಟ್ಟಿಯಾಗಿ ಪ್ರಾರ್ಥಿಸಿದರು. ಹಿಂದೆ ಬಂದವರೂ ಆ ತಣ್ಣಗಿನ ಹಣೆ ಮುಟ್ಟಿದರು, ನನ್ನತ್ತ ನೋಡಿದರು, ಜ್ವರ ಇಳಿಸು ಎಂದೇ ಬೇಡಿಕೊಂಡರು. ನಾಲ್ಕು ಮಾತು ಬೈದಿದ್ದರೂ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

ಎಲ್ಲರ ಸರದಿ ಮುಗಿಯುತ್ತಿದ್ದಂತೆ ನನ್ನ ಗಂಡ ಗೋಡೆಯಿಂದ ಈಚೆ ತಿರುಗಿದರು.

"ಜ್ವರದ್ದು ಸಾಕು ಬಿಡ್ರಿ. ಇಲ್ಲದ್ದಕ್ಕ ಯಾಕ ಬೇಡ್ಕೋತೀರಿ? ನನಗ ಬದುಕೋದೇ ಬ್ಯಾಡ ಅನಸ್ತೈತಿ. ಅದಕ್ಕ ಪ್ರಾರ್ಥನಿ ಮಾಡ್ರಿ."

ನಾನು ಓಡಿಹೋಗಿ ಬೀದಿ ಬಾಗಿಲು ಹಾಕಿದೆ. ಕೇಳಬಾರದವರೆಲ್ಲ ಒಳಗೇ ನಿಂತಿದ್ದರು, ಇನ್ನು ಯಾರಿಂದ ಮುಚ್ಚಿಡುವುದಿತ್ತೋ!

"ಪ್ರಾರ್ಥನಿ ಮಾಡೋಣ್ರಿ" ಎಂದರು ಟೀಚರಮ್ಮ. "ನಾಳಿ ಬಳ್ಳಾರಿಗೆ ಹೋಗಿ ಮನಸ್ಸಿನ ಡಾಕ್ಟ್ರಿಗೂ ತೋರ್ಸೋಣ. ನಾನೂ ಬರ್ತೀನಿ."

"ಅಲ್ಲಿ ಯಾರರ ನೋಡಿದ್ರ ಏನಂತಾರ?" ಎಂದೆ ನಾನು. ಗಂಡ ಸಾಯುವ ಮಾತಾಡಿದ ಮೇಲೂ ನನ್ನ ಬಾಯಿಂದ ಬಂದದ್ದು ಅದು. ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

"ನೋಡ್ಲಿ ಬಿಡ್ರಿ" ಎಂದರು ಟೀಚರಮ್ಮ. ಆಮೇಲೆ ದನಿ ತಗ್ಗಿಸಿ, "ಪಾಸ್ಟ್ರಮ್ಮ, ಎಲ್ಲಾರೂ ಕೈ ಇಟ್ರು. ನೀವೊಬ್ರು ಇಟ್ಟಿಲ್ಲ. ಬರ್ರಿ" ಎಂದು ಹಾಸಿಗೆಯ ಪಕ್ಕ ಜಾಗ ಬಿಟ್ಟರು.

ಬಳ್ಳಾರಿಯ ಡಾಕ್ಟರು, ಗುಳಿಗೆ, ನನ್ನ ಗಂಡ ನಿಧಾನವಾಗಿ ಮತ್ತೆ ಪ್ರಸಂಗಕ್ಕೆ ನಿಂತದ್ದು, ಅದೆಲ್ಲ ಆಮೇಲಿನ ಮಾತು. ಆ ಹೊತ್ತು ನಾನು ಹಾಸಿಗೆಯ ಹತ್ತಿರ ಹೋದೆ. ಭಾಳ ಜ್ವರ ಎಂದು ಎಲ್ಲರ ಮುಂದೆ ಸಾರಿ ಬಂದಿದ್ದೆ, ಆದರೆ ಅವರ ಹಣೆಯನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಮೊಣಕಾಲೂರಿ ಕೂತು ಕೈಯಿಟ್ಟೆ. ಅವರು ನನ್ನ ಕೈಯನ್ನು ಅಲ್ಲೇ ಒತ್ತಿ ಹಿಡಿದುಕೊಂಡು ಎಲ್ಲರೆದುರೇ ಅತ್ತರು.