ಹದಿನಾಲ್ಕನೆಯ ಕರಿಹಲಗೆ

ಬೆಳಗಿನ ಐದೂವರೆ. ಕ್ಯಾಲಿಫೋರ್ನಿಯಾದ ನೆವಾರ್ಕಿನ ಈ ಪ್ರಾಥಮಿಕ ಶಾಲೆಯ ಮೈದಾನದ ಮೇಲೆ ಕೊಲ್ಲಿಯ ಕಡೆಯಿಂದ ಬಂದ ಮಂಜು ಇನ್ನೂ ಹಾಗೇ ಕೂತಿದೆ. ದೂರದ ಫ್ರೀವೇಯಲ್ಲಿ ಕಾರುಗಳ ಮೊರೆತ ಶುರುವಾಗಿದೆ. ಊರು ಈಗಷ್ಟೇ ಕೆಲಸಕ್ಕೆ ಹೊರಟಿದೆ. ಶರಣಪ್ಪನವರು ಆಗಲೇ ಅರ್ಧ ಕೆಲಸ ಮುಗಿಸಿದ್ದಾರೆ. ಒಂದನೆಯ ಕೋಣೆಯಿಂದ ಏಳನೆಯ ಕೋಣೆಯವರೆಗೆ ಕರಿಹಲಗೆಗಳು ಮಿರಮಿರ ಮಿಂಚುತ್ತಿವೆ. ಕರಿಹಲಗೆ ಅನ್ನುವುದು ರೂಢಿಗೆ, ಬಣ್ಣವೇನೋ ಹಸಿರು. ಮೊದಲು ಒಣ ಡಸ್ಟರು, ಆಮೇಲೆ ಒದ್ದೆ ಬಟ್ಟೆ, ಕಡೆಗೆ ಇನ್ನೊಂದು ಒಣ ಬಟ್ಟೆ. ಕೈ ಮೇಲಿನಿಂದ ಕೆಳಕ್ಕೆ ಹೋಗಬೇಕೇ ಹೊರತು ಅಡ್ಡಡ್ಡ ಹೋಗಕೂಡದು. ಮೀಸೆ ಬೆಳ್ಳಗಾಗಿದ್ದು ವಯಸ್ಸಿಗೋ ಸೀಮೆಸುಣ್ಣಕ್ಕೋ ಎಂದು ಕೇಳಿದರೆ, "ಎರಡೂ ಪಾಲು ತಗೊಂಡಾವ್ರಿ" ಎಂದು ನಗುತ್ತಾರೆ.

ಶಾಲೆಯಲ್ಲಿ ಅವರದು ಕಸ್ಟೋಡಿಯನ್ ಕೆಲಸ. ಬೀಗ ತೆಗೆಯುವುದು, ಬೀಗ ಹಾಕುವುದು, ನಡುವೆ ಇರುವುದೆಲ್ಲವನ್ನೂ ಗುಡಿಸುವುದು. ದಿನಕ್ಕೆ ಮೂವತ್ತೊಂದು ಕಸದ ಬುಟ್ಟಿ, ಆರು ಶೌಚಾಲಯ, ನಾನೂರರ ಮೇಲೆ ಪುಟ್ಟ ಕುರ್ಚಿಗಳು, ಹದಿನಾಲ್ಕು ಹಲಗೆ. ಅವುಗಳಲ್ಲಿ ಹದಿಮೂರನ್ನು ಪೂರ್ತಿ ಒರೆಸುತ್ತಾರೆ. ಹದಿನಾಲ್ಕನೆಯ ಕೋಣೆಗೆ ಬಂದಾಗ ಮಾತ್ರ ಅವರ ಕೈ ಹಲಗೆಯ ಬಲ ಮೂಲೆಯನ್ನು ಬಿಟ್ಟು ಸುತ್ತು ಬಳಸಿ ಹೋಗುತ್ತದೆ. ಅಲ್ಲೊಂದು ಚೌಕವಿದೆ. ಚೌಕದ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ 'ಸೇವ್' ಎಂದು ಬರೆದಿದೆ, ಅಂದರೆ ಇದನ್ನು ಅಳಿಸಬೇಡಿ ಎಂದು. ಚೌಕದೊಳಗೆ ಎಳೆಯ ಕೈಗಳು ಬರೆದ ಸೊಟ್ಟ ಸೊಟ್ಟ ಕನ್ನಡ.

ಆ ಚೌಕದ ಎದುರು ಅವರು ಒಂದು ಗಳಿಗೆ ನಿಲ್ಲುತ್ತಾರೆ. ಅವಸರದ ಮನುಷ್ಯ, ಹೀಗೆ ಸುಮ್ಮನೆ ನಿಲ್ಲುವುದು ದಿನದಲ್ಲಿ ಇದೊಂದೇ ಸಲ.

ಶರಣಪ್ಪನವರಿಗೆ ಈ ೧೯೮೭ಕ್ಕೆ ಐವತ್ತೈದು ವರ್ಷ. ಹುಟ್ಟಿದ್ದು ಭೀಮಾ ನದಿಯ ಈಚೆ ದಡದ ಒಂದು ಹಳ್ಳಿಯಲ್ಲಿ. ಈಚೆ ದಡ ಎನ್ನುವುದನ್ನು ಅವರು ಒತ್ತಿ ಹೇಳುತ್ತಾರೆ. ಏಕೆಂದರೆ ಆಗ ಹೊಳೆಯ ಆಚೆ ಬ್ರಿಟಿಷರ ಸೀಮೆ, ಈಚೆ ನಿಜಾಮರ ಸೀಮೆ. ನೀರು ಒಂದೇ, ಮಾತು ಒಂದೇ, ಮದುವೆ ಮುಂಜಿವೆ ಕೊಡುಕೊಳ್ಳುವುದು ಎಲ್ಲ ಒಂದೇ. ಶಾಲೆ ಮಾತ್ರ ಬೇರೆ.

"ಹೊಳಿ ಆಚಿ ಹುಡುಗ್ರು ಕನ್ನಡ ಸಾಲಿಗಿ ಹೋಗ್ತಿದ್ರು. ನಮಗ ಉರ್ದು ಸಾಲಿ. ಮನ್ಯಾಗ ಅವ್ವ ಅಂತಿದ್ವಿ, ಸಾಲ್ಯಾಗ ಅವ್ವ ಅಂತ ಬರೀಲಾಕ ಬರ್ತಿರಲಿಲ್ಲ. ಉರ್ದು ಛೊಲೊ ಭಾಷೆ ಅದರಿ, ಅದರ ಮ್ಯಾಲ ನನಗ ಸಿಟ್ಟಿಲ್ಲ. ಇವತ್ತಿಗೂ ಓದ್ತೀನಿ. ಖರೇ ಅಂದ್ರ, ನಮ್ಮದನ್ನ ಕಲೀಬ್ಯಾಡ ಅಂದ್ರಲ್ಲ, ಅದು ಎದ್ಯಾಗ ನಟ್ಟು ಕುಂತದ."

ಊರವರು ತಾವಾಗಿಯೇ ಒಂದು ಕನ್ನಡ ಶಾಲೆ ತೆರೆಯಬೇಕೆಂದರೆ ಪರವಾನಗಿ ಬೇಕು. ಕೇಳಿದವರು ಕಚೇರಿಯ ಮೆಟ್ಟಿಲು ಸವೆಸಿದ್ದೇ ಬಂತು. ಅಂಥ ಊರಿಗೆ ಹೊಳೆ ದಾಟಿ ಸೊಸೆಯಾಗಿ ಬಂದವರು ಬಂಗಾರೆವ್ವ, ಶರಣಪ್ಪನವರ ಕಕ್ಕನ ಹೆಂಡತಿ. ಆಚೆ ದಡದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದ ಆ ಹೆಣ್ಣುಮಗಳು ಸೀರೆಗಳ ನಡುವೆ ಒಂದು ಕನ್ನಡ ಅಂಕಲಿಪಿಯನ್ನೂ ಇಟ್ಟುಕೊಂಡು ಬಂದಿದ್ದರು. ಹಿತ್ತಲ ಅಡುಗೆಮನೆಯಲ್ಲಿ ಒಲೆಯ ಬೂದಿಯನ್ನು ನೆಲದ ಮೇಲೆ ಹರವಿ, ಏಳು ಮಕ್ಕಳನ್ನು ಕೂರಿಸಿಕೊಂಡು ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಅವರ ಪಾಠಕ್ಕೆ ಒಂದೇ ಕಟ್ಟಳೆ: ಬರಿ, ಓದು, ಒರಸು. ಮುಂದಿನ ಅಕ್ಷರಕ್ಕೆ ಹೋಗುವ ಮೊದಲು ಹಿಂದಿನದು ಬೂದಿಯಲ್ಲಿ ಕೂಡಿಹೋಗಿರಬೇಕು. ಬಾಗಿಲ ಬಳಿ ಯಾರಾದರೂ ಕೆಮ್ಮಿದರೆ ಅಂಗೈ ಒಂದು ಸಲ ಆಡಿಸಿದರಾಯಿತು, ಶಾಲೆಯೂ ಇಲ್ಲ, ಅಕ್ಷರವೂ ಇಲ್ಲ.

ಮೂಲಾಕ್ಷರ ಆಯಿತು, ಕಾಗುಣಿತ ಆಯಿತು. ಒತ್ತಕ್ಷರಕ್ಕೆ ಬಂದಾಗ ಬಂಗಾರೆವ್ವ ಹುಡುಗನಿಗೆ ಮೊದಲು ಕಲಿಸಿದ್ದು ಪಕಾರದ ಒತ್ತು, ಅವನ ಹೆಸರಿನಲ್ಲಿ ಅದು ಇತ್ತಲ್ಲ. ಹತ್ತು ವರ್ಷದ ಹುಡುಗನಿಗೆ ಸ್ವರ್ಗ ಮೂರೇ ಗೇಣು. ಮರುದಿನ ಒಂದು ಇದ್ದಲಿ ಚೂರು ಸಿಕ್ಕಿತು. ಮನೆಯ ಮುಂದಿನ ಸುಣ್ಣದ ಗೋಡೆಯ ಮೇಲೆ, ಬೀದಿಗೆಲ್ಲ ಕಾಣುವಂತೆ, ದೊಡ್ಡದಾಗಿ ಬರೆದ: ಶರಣಪ್ಪ.

"ಬರದೆ, ಓದಿದೆ. ಒರಸೋದು ಮರತೆ" ಎನ್ನುತ್ತಾರೆ. ಆಮೇಲೆ, "ಮರತಿರಲಿಲ್ರಿ. ಸುಳ್ಳು ಯಾಕ ಹೇಳ್ಲಿ. ಒರಸ್ಲಾಕ ಮನಸಾಗಲಿಲ್ಲ" ಎಂದು ತಿದ್ದಿಕೊಳ್ಳುತ್ತಾರೆ.

ಎರಡು ದಿನ ಕಳೆದು ಕಂದಾಯದ ಅಧಿಕಾರಿಯೊಬ್ಬ ಆ ಬೀದಿಯಲ್ಲಿ ಬಂದ. ಗೋಡೆ ನೋಡಿದ. ಇದನ್ನು ಬರೆದವರು ಯಾರು, ಕಲಿಸಿದವರು ಯಾರು ಎಂದು ಕೇಳಿದ. ಕಕ್ಕನನ್ನು ತಾಲೂಕು ಕಚೇರಿಗೆ ಕರೆಸಿ ಎರಡು ದಿನ ಹೊರಗೆ ಕೂರಿಸಿದರು. ಮನೆಯಲ್ಲಿ ಪರವಾನಗಿಯಿಲ್ಲದೆ ಪಾಠ ನಡೆಸುವುದಿಲ್ಲ ಎಂದು ಬರೆಸಿಕೊಂಡು ಬಿಟ್ಟರು. ಕಕ್ಕ ಮನೆಗೆ ಬಂದವನೇ ಅಂಕಲಿಪಿಯನ್ನು ಒಲೆಗೆ ಹಾಕಿದ. ಏಳು ಮಕ್ಕಳ ಶಾಲೆ ಅಂದಿಗೆ ಮುಗಿಯಿತು. ಬಂಗಾರೆವ್ವ ಮತ್ತೆ ಯಾರಿಗೂ ಅಕ್ಷರ ಕಲಿಸಲಿಲ್ಲ.

ಹುಡುಗನನ್ನು ಅವರು ಬೈಯಲಿಲ್ಲ. ತಿಂಗಳ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತ ಇಷ್ಟೇ ಅಂದರಂತೆ: "ಪ ಒತ್ತು ಛೊಲೊ ಬಂದಿತ್ತಲೊ, ತಮ್ಮಾ."

ಉಳಿದ ಒತ್ತಕ್ಷರ ಕಲಿಯಲು ಶರಣಪ್ಪನವರು ಹದಿನೈದು ವರ್ಷ ಕಾಯಬೇಕಾಯಿತು. ನಿಜಾಮರ ಆಳ್ವಿಕೆ ಹೋಯಿತು, ರಾಜ್ಯ ಒಂದಾಯಿತು, ಕನ್ನಡ ಶಾಲೆಗಳು ಬಂದವು. ಕನ್ನಡ ಮಾಸ್ತರನಾಗುವ ಆಸೆ ಇತ್ತು. ಆದರೆ ಕೈಯಲ್ಲಿದ್ದ ಸರ್ಟಿಫಿಕೇಟು ಉರ್ದುವಿನದು. ಕಡೆಗೆ ಒಂದು ಕನ್ನಡ ಶಾಲೆಯಲ್ಲಿ ಜವಾನನ ಕೆಲಸ ಸಿಕ್ಕಿತು. ಗಂಟೆ ಹೊಡೆದು, ಬಾಗಿಲ ಹೊರಗೆ ನಿಂತು, ಒಳಗಿನ ಮಕ್ಕಳ ಜೊತೆ ತಾನೂ ತುಟಿ ಆಡಿಸುತ್ತ ಇಪ್ಪತ್ತೈದರ ಗಂಡಸು ಒತ್ತಕ್ಷರ ಕಲಿತ. ಅಲ್ಲೂ ಸಂಜೆ ಹಲಗೆ ಒರೆಸುವುದು ಅವರ ಪಾಲಿಗೇ ಬಂದಿತ್ತು. ಹಣೆಯಲ್ಲಿ ಬರೆದದ್ದನ್ನು ಅಳಿಸಲಾಗದು ಅನ್ನುತ್ತಾರೆ. ಇವರ ಹಣೆಯಲ್ಲಿ ಅಳಿಸುವುದೇ ಬರೆದಿತ್ತು.

ಎಪ್ಪತ್ತೊಂಬತ್ತರಲ್ಲಿ, ಇಲ್ಲಿ ಇಂಜಿನಿಯರಾಗಿದ್ದ ತಮ್ಮ ಗುರುಶಾಂತಪ್ಪ ಅಣ್ಣನನ್ನೂ ಅತ್ತಿಗೆ ಗುರುಬಸವ್ವನನ್ನೂ ಕರೆಸಿಕೊಂಡ. ಶಾಲೆಯ ಕೆಲಸ ಗೊತ್ತಿದ್ದವರಿಗೆ ಶಾಲೆಯಲ್ಲೇ ಕೆಲಸ ಸಿಕ್ಕಿತು. ಐದು ವರ್ಷದ ನಂತರ, ಹತ್ತಿರದ ಎವರ್‌ಗ್ರೀನ್ ಬಡಾವಣೆಯ ವೇದವತಿ ಎಂಬ ಮೈಸೂರಿನ ಹೆಣ್ಣುಮಗಳು ಮಕ್ಕಳಿಗೆ ಶನಿವಾರದ ಕನ್ನಡ ಪಾಠ ಮಾಡಲು ಜಾಗ ಹುಡುಕುತ್ತಿದ್ದಾರೆಂದು ತಮ್ಮನಿಂದಲೇ ಗೊತ್ತಾಯಿತು. ಶರಣಪ್ಪನವರು ಕೋಟು ಹಾಕಿಕೊಂಡು ಪ್ರಿನ್ಸಿಪಾಲರ ಮುಂದೆ ನಿಂತು ಹದಿನಾಲ್ಕನೆಯ ಕೋಣೆ ಕೇಳಿದರು. ಅವರು ಒಪ್ಪಿದರು. ಷರತ್ತು ಒಂದೇ: ಶುಕ್ರವಾರ ಕೋಣೆ ಹೇಗಿತ್ತೋ ಸೋಮವಾರ ಹಾಗೇ ಇರಬೇಕು.

"ಪರವಾನಗಿ ಕೊಟ್ರು ನೋಡ್ರಿ! ಎರಡು ಮಿನಿಟಿನ್ಯಾಗ. ಯಾವ ಭಾಷೆ ಅಂತಾನೂ ಕೇಳಲಿಲ್ಲ. ಹೊರಗ ಬಂದು ಕಾರಿನ್ಯಾಗ ಕುಂತು ಅತ್ತೀನಿ" ಎನ್ನುವಾಗ ಅವರ ಮುಖ ಈಗಲೂ ಅರಳುತ್ತದೆ.

ಡ್ಯಾನ್‌ವಿಲ್‌ನಿಂದ, ಎವರ್‌ಗ್ರೀನ್‌ನಿಂದ, ಇಲ್ಲೇ ನೆವಾರ್ಕಿನಿಂದ ಹನ್ನೊಂದು ಮಕ್ಕಳು ಬರತೊಡಗಿದರು. ಪಾಠ ವೇದವತಿಯವರದು, ಹಲಗೆ ಶರಣಪ್ಪನವರದು. ತೊಂದರೆ ಶುರುವಾದದ್ದು ಅಲ್ಲೇ. ವೇದವತಿ ಬರೆದು ಮಕ್ಕಳ ಕಡೆ ತಿರುಗುವಷ್ಟರಲ್ಲಿ ಇವರು ಒರೆಸಿಬಿಡುತ್ತಿದ್ದರು.

"ಏನ್ ಶರಣಪ್ಪನವ್ರೇ, ಮಕ್ಕಳು ಇನ್ನೂ ಕಾಪೀನೇ ಮಾಡ್ಕೊಂಡಿಲ್ಲ! ಸ್ವಲ್ಪ ಪೇಷನ್ಸು ಇಟ್ಕೊಳ್ಳಿ" ಎಂದು ವೇದವತಿ ರೇಗಿದ್ದೂ ಉಂಟು. ಈಗ ಅದನ್ನು ನೆನೆದು ತಾವೇ ನಾಚಿಕೊಳ್ಳುತ್ತಾರೆ. "ನಂಗೇನು ಗೊತ್ತಿತ್ತು ಹೇಳಿ. ಕ್ಲೀನಿಂಗು ಹುಚ್ಚು ಅಂದ್ಕೊಂಡಿದ್ದೆ. ಅವ್ರ ಅಕ್ಷರ ನೋಡಿದ್ಮೇಲೆ ಚಾಕ್‌ಪೀಸು ಅವ್ರ ಕೈಗೇ ಕೊಟ್ಬಿಟ್ಟೆ. ಮುತ್ತು ಪೋಣಿಸ್ದ ಹಾಗ್ ಬರೀತಾರೆ. ಆದ್ರೆ ತಾವು ಬರ್ದಿದ್ದನ್ನೂ ತಾವೇ ಅಳಿಸ್ಬಿಡೋರು!"

ಒಂದು ಶನಿವಾರ ಡ್ಯಾನ್‌ವಿಲ್‌ನ ಪ್ರಭಾ ಎಂಬ ಎಂಟು ವರ್ಷದ ಹುಡುಗಿ ಕೈಯೆತ್ತಿ, "ತಾತ, ವೈ ಡು ಯು ಆಲ್ವೇಸ್ ಇರೇಸ್ ಇಟ್?" ಎಂದಳು, ಯಾವಾಗಲೂ ಯಾಕೆ ಅಳಿಸುತ್ತೀರಿ ಎಂದು. ನಲವತ್ತು ವರ್ಷ ಯಾರೂ ಕೇಳದ ಪ್ರಶ್ನೆ. ಶರಣಪ್ಪನವರು ಪುಟ್ಟ ಕುರ್ಚಿಯೊಂದರ ಮೇಲೆ ಕೂತು, ಬೂದಿ, ಬಂಗಾರೆವ್ವ, ಇದ್ದಲಿ, ಗೋಡೆ ಎಲ್ಲವನ್ನೂ ಹೇಳಿದರು. ಮಕ್ಕಳಿಗೆ ಎಷ್ಟು ಅರ್ಥವಾಯಿತೋ. ವೇದವತಿಯವರಂತೂ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಆಮೇಲಿನ ವಾರ, ಕಳೆದ ವರ್ಷದ ಅಕ್ಟೋಬರಿನಲ್ಲಿ, ಪಾಠದ ನಡುವೆಯೇ ಶೌಚಾಲಯದ ಪೈಪು ಒಡೆದು ನೀರು ವರಾಂಡಕ್ಕೆಲ್ಲ ಹರಿಯಿತು. ಶರಣಪ್ಪನವರು ಅತ್ತ ಓಡಿದರು. ನೀರು ನಿಲ್ಲಿಸಿ, ನೆಲ ಒರೆಸಿ ಬರುವಷ್ಟರಲ್ಲಿ ಮಕ್ಕಳು ಹೋಗಿಯಾಗಿತ್ತು. ದಣಿದಿದ್ದವರು ಹೊರಗಿನಿಂದಲೇ ಬೀಗ ಜಡಿದು ಹೊರಟರು. ಹಲಗೆಯ ನೆನಪಾದದ್ದು ಭಾನುವಾರ, ಊಟಕ್ಕೆ ಕೂತಾಗ. ಕೋಣೆಯ ಬೀಗದಕೈ ಶಾಲೆಯಲ್ಲಿ, ಗೇಟಿನದನ್ನು ವಾರದ ಕೊನೆಗೆ ಪ್ರಿನ್ಸಿಪಾಲರಿಗೆ ಒಪ್ಪಿಸಿಯಾಗಿತ್ತು.

"ತಾಟು ಸರಿಸಿ ಎದ್ರು ನೋಡ್ರಿ" ಎನ್ನುತ್ತಾರೆ ಗುರುಬಸವ್ವ. "ಏನಾತರಿ ಅಂದ್ರ, 'ಇನ್ನೊಂದು ಸಾಲಿ ಮುಚ್ಚಿಸಿದೆ' ಅಂದ್ರು. ನಾ ಹೆದರಿಬಿಟ್ಟೆ. ಒಂದ್ ಹಲಗಿ ಸಲುವಾಗಿ ಯಾರರ ಹಿಂಗ ಮಾಡ್ತಾರೇನ್ರಿ!" ಹಾವು ಕಚ್ಚಿದವನು ಹಗ್ಗ ಕಂಡರೂ ಬೆದರುತ್ತಾನೆ. ಆ ಅಂಜಿಕೆ ಕಚ್ಚಿಸಿಕೊಂಡವನಿಗೆ ತಾನೇ ಗೊತ್ತು.

ಸೋಮವಾರ ಗೇಟು ತೆಗೆಯುವ ಹೊತ್ತಿಗೇ ಹೋಗಿ, ಉಳಿದ ಹದಿಮೂರನ್ನೂ ಬಿಟ್ಟು ನೇರ ಹದಿನಾಲ್ಕನೆಯ ಕೋಣೆಗೆ ನುಗ್ಗಿದರು. ಡಸ್ಟರು ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಹಲಗೆಯ ಮೇಲೆ ಹನ್ನೊಂದು ಮಕ್ಕಳೂ ತಮ್ಮ ತಮ್ಮ ಹೆಸರು ಬರೆದಿದ್ದರು. ಎಲ್ಲದರ ಕೆಳಗೆ, ಪ್ರಭಾಳ ಸೊಟ್ಟ ಅಕ್ಷರದಲ್ಲಿ, ಹನ್ನೆರಡನೆಯ ಹೆಸರು: ಶರಣಪ್ಪ ತಾತ.

ಪಕಾರದ ಒತ್ತು ಸರಿಯಾಗಿಯೇ ಇತ್ತಂತೆ.

ಆ ಕೋಣೆಯ ವಾರದ ದಿನಗಳ ಟೀಚರು, ಅಮೆರಿಕದ ಹೆಂಗಸು, ಅಂದು ಬೇಗ ಬಂದಿದ್ದರು. ಬಾಗಿಲು ತೆಗೆದಾಗ ಕಸ್ಟೋಡಿಯನ್ನು ಡಸ್ಟರು ಹಿಡಿದು ಕಣ್ಣೀರು ಸುರಿಸುತ್ತ ನಿಂತಿದ್ದಾರೆ. ಇವರು ತಪ್ಪಾಯಿತು, ಈಗಲೇ ಒರೆಸುತ್ತೇನೆ, ಮಕ್ಕಳ ಪಾಠ ನಿಲ್ಲಿಸಬೇಡಿ ಎಂದು ತಮಗೆ ಬಂದ ಇಂಗ್ಲಿಷಿನಲ್ಲಿ ಬಡಬಡಿಸಿದರು.

"ಆಕಿ ಸೀಮೆಸುಣ್ಣ ಕೈಯಾಗ ತಗೊಂಡ್ಳು. ಪ್ರಿನ್ಸಿಪಾಲಗ ಚೀಟಿ ಬರೀತಾಳ ಅಂತ ತಿಳದೆ. ಹೆಸರಿನ ಸುತ್ತ ನಾಕು ಗೆರಿ ಹೊಡದು ಮ್ಯಾಲ 'ಸೇವ್' ಅಂತ ಬರದ್ಳು. 'ಇದರಾಗ ನಿನ್ನ ಹೆಸರು ಯಾವುದು, ತೋರಿಸು' ಅಂದ್ಳು. ನಾ ಬೆರಳಿಟ್ಟು ತೋರಿಸಿದೆ. 'ಹಾಂಗಾದ್ರ ನನ್ನ ಮಕ್ಕಳ ಹೆಸರೂ ನಿಮ್ಮ ಭಾಷ್ಯಾಗ ಬರದು ಕೊಡು' ಅಂದ್ಳು. ಇಪ್ಪತ್ತೆಂಟು ಹುಡುಗ್ರು. ಎಲ್ಲಾರ್ದೂ ಬರದು ಕೊಟ್ಟೀನಿ. ಎರಡು ದಿನಕ್ಕ ಪ್ರಿನ್ಸಿಪಾಲರೂ ಬಂದು ತಮ್ಮ ಹೆಸರು ಬರಸ್ಕೊಂಡು ಹೋದ್ರು."

ಉಳಿದ ಹದಿಮೂರು ಹಲಗೆಗಳು ಅಂದು ಒರೆಸದೆ ಉಳಿದವು. ಎಂಟು ವರ್ಷದ ಕೆಲಸದಲ್ಲಿ ಅವರ ಮೇಲೆ ಬಂದಿರುವ ದೂರು ಅದೊಂದೇ.

ಅಂದಿನಿಂದ ಆ ಚೌಕ ಅಲ್ಲೇ ಇದೆ. ಶನಿವಾರದ ಮಕ್ಕಳು ಹೊಸದನ್ನು ಬರೆದು ಹೋಗುತ್ತಾರೆ, ವಾರವಿಡೀ ಬೇರೆ ಮಕ್ಕಳು ಅದನ್ನು ನೋಡಿ ಇದೇನು, ಅದೇನು ಎಂದು ಕೇಳುತ್ತಾರೆ. ಶರಣಪ್ಪನವರು ಕಸದ ಬುಟ್ಟಿ ಕೆಳಗಿಟ್ಟು ಓದಿ ಹೇಳುತ್ತಾರೆ. ಹನ್ನೊಂದು ಇದ್ದ ಮಕ್ಕಳು ಈಗ ಹತ್ತೊಂಬತ್ತಾಗಿದ್ದಾರೆ. ಶನಿವಾರದ ಕೆಲಸಕ್ಕೆ ಅವರಿಗೆ ಸಂಬಳವಿಲ್ಲ, ಕೇಳಿಯೂ ಇಲ್ಲ. ಕನ್ನಡ ಕೂಟದ ಸಮಾರಂಭಗಳಲ್ಲಿ ಅವರ ಹೆಸರನ್ನು ಯಾರೂ ಕೂಗಿಲ್ಲ. ಆ ಹೊತ್ತಿಗೆ ಅವರು ಸಾಮಾನ್ಯವಾಗಿ ಹಿಂದೆ ಕುರ್ಚಿ ಜೋಡಿಸುತ್ತಿರುತ್ತಾರೆ.

"ಈ ದೇಶಾ ನನಗ ಎಲ್ಲಾ ಕೊಟ್ಟದ ಅಂತ ಅನ್ನಂಗಿಲ್ರಿ. ಒಂದು ಹಲಗಿ ಮೂಲಿ ಕೊಟ್ಟದ. ನಾ ಕಳಕೊಂಡಿದ್ದೂ ಅಷ್ಟೇ ಇತ್ತು."

ಇನ್ನೇನಾದರೂ ಆಸೆ ಇದೆಯೇ ಎಂದರೆ ಶರಣಪ್ಪನವರು ಬಟ್ಟೆ ಹಿಂಡುತ್ತ ಯೋಚಿಸುತ್ತಾರೆ. ಹೊರಗೆ ಮಂಜು ಕರಗುತ್ತಿದೆ, ಮೊದಲ ಹಳದಿ ಬಸ್ಸು ಬಂದು ನಿಂತಿದೆ.

"ಬರೋ ಶನಿವಾರ ಆ ಚೌಕದಾಗ ನಮ್ಮ ಚಿಕ್ಕವ್ವನ ಹೆಸರು ಬರೀಬೇಕಂತ ಮಾಡೀನ್ರಿ. ಬಂಗಾರೆವ್ವ ಅಂತ. ಏಳು ಹುಡುಗ್ರಿಗಿ ಬರೀಲಾಕ ಕಲಿಸಿದ್ಲು, ಆಕಿ ಹೆಸರು ಯಾವ ಗ್ವಾಡಿ ಮ್ಯಾಲೂ ಯಾರೂ ಬರದಿಲ್ಲ. ಒಂದು ವಾರ ಇದ್ರ ಸಾಕು. ಅದರ ಮುಂದಿನ ಶನಿವಾರ ನಾನೇ ಒರಸ್ತೀನಿ. ಅಂಜಿ ಅಲ್ರಿ. ಮುಂದಿನ ಹುಡುಗ್ರಿಗಿ ಜಾಗಾ ಬೇಕಲ್ಲ."